ಮುಯ್ಯಿಯ ಪುಸ್ತಕದಿಂದ ಉಡುಗೊರೆಯ ಪಟ್ಟಿಗೆ



ಮದುವೆಯ ಕರೆಯೋಲೆಗಳ ಕೊನೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲನ್ನು ತಾವೆಲ್ಲರೂ ಓದಿರುವಿರಿ. ಓದಿಯೂ ಬರಿಗೈಯಲ್ಲಿ ಹೋಗಲು ಮನಸ್ಸೊಪ್ಪದೆ ಏನನ್ನಾದರೂ ಕೊಂಡು ಕೊಟ್ಟು ಬಂದಿರುವಿರಿ. ಇದರ ಫಲವಾಗಿ ಹೊಸ ದಂಪತಿಗಳ ಮನೆಯ ಅಟ್ಟದಲ್ಲಿ ಗೋಡೆ ಗಡಿಯಾರಗಳೂ ಗಾಜಿನ ಲೋಟಗಳ ಪೆಟ್ಟಿಗೆಗಳೂ ತುಂಬಿಕೊಳ್ಳುತ್ತವೆ. ಅನ್ನಕ್ಕಿಡಲು ತಕ್ಕ ಪಾತ್ರೆಯನ್ನು ಅವರು ಸಾಲ ಮಾಡಿ ತರಬೇಕಾಗುತ್ತದೆ. ಈ ಕಾರಣದಿಂದ ವಧೂವರರೇ ತಮಗೆ ಬೇಕಾದ ಗೃಹೋಪಯೋಗಿ ವಸ್ತುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಬಂಧುಗಳಿಗೆ ತಿಳಿಸುವ ರೂಢಿ ಈಗ ನಮ್ಮಲ್ಲಿಯೂ ತಲೆದೋರಿದೆ. ಅಲೆವೂರು, ಮಣಿಪಾಲ, ಕಾಪು, ಕಾರ್ಕಳದ ಕಡೆ ಉದ್ಯೋಗಕ್ಕಾಗಿ ನೆಲೆಸಿರುವ ನಮ್ಮ ಭಕ್ತರು ಕೇಳುವ ಪ್ರಶ್ನೆ ಇದು: ‘ಹೀಗೆ ಪಟ್ಟಿ ಮಾಡುವುದು ಯುಕ್ತವೇ? ಇದು ವರದಕ್ಷಿಣೆಗೆ ಹಿಂಬಾಗಿಲಾಗುವುದಿಲ್ಲವೇ?’ ಈ ಸಂಶಯ ನ್ಯಾಯವಾದದ್ದು. ಇದಕ್ಕೆ ಉತ್ತರ ಕೊಡುವ ಮೊದಲು ಇತಿಹಾಸವನ್ನು ಅವಲೋಕಿಸುವುದು ಅವಶ್ಯ.

ಮದುವೆಯ ಉಡುಗೊರೆ ಯಾರದು ಎಂಬ ಪ್ರಶ್ನೆಯನ್ನು ಕೂಲಂಕಷವಾಗಿ ವಿಚಾರಿಸಿದ ಗ್ರಂಥಗಳಲ್ಲಿ ಒಂದು ನಮ್ಮ ನಾಡಿನಲ್ಲಿಯೇ, ಅದೂ ಕಲ್ಯಾಣದಲ್ಲಿಯೇ, ಹುಟ್ಟಿತೆಂಬುದು ಗಮನಾರ್ಹ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದು ಹಾಗೂ ವಿವಾಹಾಗ್ನಿಯ ಸನ್ನಿಧಿಯಲ್ಲಿ ದೊರೆತದ್ದು ಸ್ತ್ರೀಧನವೆಂದು ಸ್ಮೃತಿ ಹೇಳಿ, ಕೊನೆಗೆ ‘ಮೊದಲಾದುವು’ ಎಂಬರ್ಥದ ಒಂದು ಪದವನ್ನು ಸೇರಿಸಿತ್ತು. ವಿಜ್ಞಾನೇಶ್ವರನು ಆ ಒಂದು ಪದವನ್ನು ವಿಸ್ತರಿಸಿ, ಉತ್ತರಾಧಿಕಾರದಿಂದ ಬಂದುದು, ಕೊಂಡುದು, ಪಾಲಿನಲ್ಲಿ ದೊರೆತುದು ಎಲ್ಲವೂ ಸ್ತ್ರೀಧನವೇ ಎಂದು ನಿರ್ಣಯಿಸಿದನು. ಬರಗಾಲ, ಧರ್ಮಕಾರ್ಯ, ವ್ಯಾಧಿ, ಸೆರೆವಾಸ ಎಂಬ ನಾಲ್ಕು ಸಂಕಟಗಳಲ್ಲಿ ಪತಿಯು ಸ್ತ್ರೀಧನವನ್ನು ಬಳಸಿದರೆ ಹಿಂದಿರುಗಿಸಬೇಕಾಗಿಲ್ಲವೆಂದು ಸ್ಮೃತಿ ವಿನಾಯಿತಿ ಕೊಡುತ್ತದೆ. ವಿನಾಯಿತಿಯನ್ನು ನಾಲ್ಕಕ್ಕೆ ಮಿತಿಗೊಳಿಸಿದರೆಂದರೆ, ಉಳಿದ ಸಂದರ್ಭಗಳಲ್ಲಿ ಹೆಂಡತಿಯ ತಂಬಿಗೆಯ ಮೇಲೆ ಗಂಡನಿಗೆ ಅಧಿಕಾರವಿಲ್ಲವೆಂದೇ ಅರ್ಥ.

ಅದೇ ಕಲ್ಯಾಣದಲ್ಲಿ, ಅನಂತರದ ಅರ್ಧ ಶತಮಾನದೊಳಗೆ, ಶರಣರು ಕೊಡುವುದರ ಅರ್ಥವನ್ನೇ ಹೊಸದಾಗಿ ನೋಡಿದರು. ಕಾಯಕದಿಂದ ಬಂದುದನ್ನು ಕೊಡುವುದು, ಕೊಟ್ಟೆನೆಂಬ ಭಾವವಿಲ್ಲದೆ ಕೊಡುವುದು, ಇದು ದಾಸೋಹ. ದಾನ ಕೊಟ್ಟವನು ಮೇಲೆ, ಪಡೆದವನು ಕೆಳಗೆ ಎಂಬ ಅಂತರಕ್ಕೆ ಇಲ್ಲಿ ಎಡೆಯಿಲ್ಲ. ಹರಳಯ್ಯ ದಂಪತಿಗಳು ಬಸವಣ್ಣನವರಿಗೆ ತಂದ ಚಮ್ಮಾವುಗೆಗಳ ಕಥೆಯನ್ನು ತಾವು ಬಲ್ಲಿರಿ. ಕಾಲಿಗೆ ಮೆಟ್ಟುವ, ದಿನಬಳಕೆಯ ಒಂದು ವಸ್ತುವನ್ನೇ ಪರಂಪರೆಯು ಅತ್ಯುನ್ನತ ಕಾಣಿಕೆಯಾಗಿ ನೆನೆದಿದೆ. ಆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹವು ಬಿಜ್ಜಳನ ರಾಜ್ಯವನ್ನೇ ನಡುಗಿಸಿತು. ಆ ಮದುವೆಯಲ್ಲಿ ವಿನಿಮಯವಾದದ್ದು ಹೊನ್ನಲ್ಲ, ಸಮಾನತೆ. ನಮ್ಮ ಸಮಾಜದಲ್ಲಿ ಇಂದು ವರನಿಗೆ ಬೆಲೆ ಕಟ್ಟುವವರು ಆ ವಿವಾಹವನ್ನು ಒಮ್ಮೆ ನೆನೆಯಬೇಕು.

ಇನ್ನು ಕರಾವಳಿಗೆ ಬರೋಣ. ಘಟ್ಟದ ಮೇಲಿನ ವೀರಶೈವರಿಗೆ ಈ ತೀರ ಅಪರಿಚಿತವಲ್ಲ. ಕೆಳದಿಯ ಅರಸರು 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಳ್ಳುವವರೆಗೂ ಬಾರಕೂರು, ಮಂಗಳೂರು ಸೀಮೆಗಳನ್ನಾಳಿದರು. ಆ ವಂಶದ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವು ಶಿವತತ್ತ್ವದ ಜೊತೆಗೆ ಪಾಕಶಾಲೆಯನ್ನೂ ಅಡುಗೆಯ ಪಾತ್ರೆಗಳನ್ನೂ ವಿಚಾರಿಸುತ್ತದೆ. ರಾಜನೊಬ್ಬನು ಅಡುಗೆಮನೆಯನ್ನು ಶಾಸ್ತ್ರದ ವಿಷಯವೆಂದು ಭಾವಿಸಿದ್ದಾಗ, ಮಠದ ಪತ್ರಿಕೆಯು ಪಾತ್ರೆಪರಡಿಗಳ ಮಾತನ್ನೆತ್ತುವುದು ಅನುಚಿತವೆಂದು ಯಾರೂ ತಿಳಿಯಬೇಕಾಗಿಲ್ಲ.

ತುಳುನಾಡಿನ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿತ್ತು. ಕುಟುಂಬದ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು. ಮದುವೆಯಾದರೂ ಹೆಣ್ಣು ಹುಟ್ಟಿದ ಕುಟುಂಬದ ಸದಸ್ಯಳಾಗಿಯೇ ಉಳಿಯುತ್ತಿದ್ದಳು. 1949ರ ಮದ್ರಾಸ್ ಅಳಿಯಸಂತಾನ ಕಾನೂನು ಆ ಕುಟುಂಬಗಳಲ್ಲಿ ವಿಭಜನೆಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಆ ಪದ್ಧತಿಯನ್ನು ಇನ್ನಷ್ಟು ಬದಲಿಸಿತು. ತವರಿನ ಪಾಲು ಖಚಿತವಾಗಿದ್ದ ಹೆಣ್ಣಿಗೆ ಮದುವೆಯ ದಿನ ಸಿಗುವ ವಸ್ತುಗಳೇ ಸರ್ವಸ್ವವಾಗಿರಲಿಲ್ಲ. ಘಟ್ಟದ ಮೇಲೆ ಹಾಗಲ್ಲ. ಅಲ್ಲಿ ಹೆಣ್ಣುಮಗಳಿಗೆ ಭೂಮಿಯಲ್ಲಿ ಪಾಲಿಲ್ಲದಿದ್ದುದರಿಂದ ಬಳುವಳಿಯ ಹಂಡೆ, ಕೊಡ, ತಟ್ಟೆಗಳೇ ಅವಳ ಪಾಲಾಗಿದ್ದವು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಮತ್ತು 2005ರ ಕೇಂದ್ರದ ತಿದ್ದುಪಡಿಗಳ ಅನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಿಗೂ ಸಮಾನ ಹಕ್ಕಿದೆ. ಆದುದರಿಂದ ‘ಪಾತ್ರೆ ಕೊಟ್ಟೆವು, ಪಾಲು ತೀರಿತು’ ಎಂಬ ಹಳೆಯ ಮಾತಿಗೆ ಈಗ ಆಧಾರವಿಲ್ಲ.

ಬಂಧುಗಳು ಕೊಡುವ ಉಡುಗೊರೆಗೆ ನಮ್ಮ ನಾಡಿನಲ್ಲಿ ಹಲವು ಹೆಸರುಗಳಿವೆ. ಬಡಗಣ ಜಿಲ್ಲೆಗಳಲ್ಲಿ ಅದು ಆಹೇರು. ಹಳೆಯ ಮೈಸೂರಿನ ಕಡೆ ಮುಯ್ಯಿ. ಮುಯ್ಯಿ ಎಂದರೆ ಹಿಂದಿರುಗಿಸಬೇಕಾದದ್ದು ಎಂದರ್ಥ. ಮದುವೆಯ ಚಪ್ಪರದಲ್ಲಿ ಅಕ್ಷರ ಬಲ್ಲವನೊಬ್ಬನು ಪುಸ್ತಕ ಹಿಡಿದು ಕುಳಿತು, ಯಾರು ಏನು ಕೊಟ್ಟರೆಂಬುದನ್ನು ಬರೆಯುತ್ತಿದ್ದನು. ಇದನ್ನು ಲೋಭವೆಂದು ನಗಬೇಕಾಗಿಲ್ಲ. ಒಂದು ಮನೆಯ ಶಕ್ತಿಗೆ ಮೀರಿದ ವೆಚ್ಚವನ್ನು ಊರೆಲ್ಲ ಹೊತ್ತು, ಮುಂದೆ ಅವರ ಮನೆಯ ಮದುವೆಯಲ್ಲಿ ಅಷ್ಟನ್ನು ಮರಳಿ ಪಡೆಯುವ ಬಡ್ಡಿಯಿಲ್ಲದ ನಿಧಿ ಅದು. ಪಾತ್ರೆಯ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೆತ್ತಿಸುವ ರೂಢಿಯೂ ಇದಕ್ಕೆ ಸೇರಿದ್ದು. ಕೊಟ್ಟವರ ನೆನಪು ಉಳಿಯುತ್ತಿತ್ತು. ಪಾತ್ರೆ ಯಾರದೆಂಬುದಕ್ಕೆ ಸಾಕ್ಷಿಯೂ ಆಗುತ್ತಿತ್ತು.

ಕಾಲ ಕಳೆದಂತೆ ವಸ್ತುಗಳು ಬದಲಾದವು. ತಾಮ್ರ, ಹಿತ್ತಾಳೆ, ಕಂಚುಗಳ ಜಾಗಕ್ಕೆ ಅಲ್ಯೂಮಿನಿಯಮ್, ಅನಂತರ ಸ್ಟೀಲ್ ಬಂದಿತು. 1950ರ ದಶಕದ ಕೊನೆಗೆ ನಮ್ಮ ದೇಶದಲ್ಲಿ ತಯಾರಾಗತೊಡಗಿದ ಪ್ರೆಷರ್ ಕುಕ್ಕರ್ ಮಧ್ಯಮವರ್ಗದ ಮದುವೆಗಳ ಮುಖ್ಯ ಉಡುಗೊರೆಯಾಯಿತು. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌.ಎಂ.ಟಿ. ಗಡಿಯಾರದ ಕಾರ್ಖಾನೆ ವರನ ಕೈಗೆ ಗಡಿಯಾರ ಕಟ್ಟಿಸಿತು. ಇವುಗಳಲ್ಲಿ ದೋಷವಿಲ್ಲ. ಆದರೆ ಗಡಿಯಾರದ ಹಿಂದೆ ಸೈಕಲ್ಲು, ಸೈಕಲ್ಲಿನ ಹಿಂದೆ ಸ್ಕೂಟರು, ಅದರ ಹಿಂದೆ ಕಾರು ಬಂದವು. ಕೊಡುವವರ ಸಂತೋಷವಾಗಿದ್ದುದು ಕೇಳುವವರ ಹಕ್ಕೆಂಬಂತಾಯಿತು.

ಇದನ್ನು ತಡೆಯಲೆಂದು 1961ರಲ್ಲಿ ವರದಕ್ಷಿಣೆ ನಿಷೇಧ ಕಾನೂನು ಬಂದಿತು. ‘ಉಡುಗೊರೆ’ ಎಂಬ ಹೆಸರಿನಲ್ಲಿ ಅದನ್ನು ತಪ್ಪಿಸಿಕೊಳ್ಳುವವರು ಹೆಚ್ಚಿದುದರಿಂದ 1984ರಲ್ಲಿ ತಿದ್ದುಪಡಿಯಾಯಿತು. 1985ರ ಅಕ್ಟೋಬರ್ 2ರಿಂದ ಉಡುಗೊರೆಗಳ ಪಟ್ಟಿಯನ್ನು ಕುರಿತ ನಿಯಮಗಳು ಜಾರಿಗೆ ಬಂದವು. ಯಾರೂ ಕೇಳದೆ ಕೊಟ್ಟ ಉಡುಗೊರೆಗೆ ನಿಷೇಧವಿಲ್ಲ. ಆದರೆ ಅದು ಪಟ್ಟಿಯಲ್ಲಿ ದಾಖಲಾಗಿರಬೇಕು. ವಧುವಿನ ಕಡೆಯವರು ಕೊಡುವುದಾದರೆ ಅದು ರೂಢಿಗೆ ಸರಿಯಾಗಿಯೂ ಅವರ ಆರ್ಥಿಕ ಸ್ಥಿತಿಗೆ ಮೀರದಂತೆಯೂ ಇರಬೇಕು. ವಧುವಿಗೆ ಬಂದವುಗಳ ಪಟ್ಟಿಯನ್ನು ವಧುವೂ, ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ಪ್ರತಿಯೊಂದು ವಸ್ತುವಿನ ಸಂಕ್ಷಿಪ್ತ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಬಂಧುಗಳಾದರೆ ಸಂಬಂಧ ಇವು ಅದರಲ್ಲಿರಬೇಕು. ಇಬ್ಬರೂ ಸಹಿ ಮಾಡಬೇಕು. ನಮ್ಮ ಮುಯ್ಯಿಯ ಪುಸ್ತಕಕ್ಕೂ ಇದಕ್ಕೂ ಎಷ್ಟು ಹೋಲಿಕೆ ನೋಡಿರಿ! ಅದೇ 1985ರಲ್ಲಿ ಪ್ರತಿಭಾರಾಣಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಂಡನ ಮನೆಯನ್ನು ಪ್ರವೇಶಿಸಿದ ಮಾತ್ರಕ್ಕೆ ಸ್ತ್ರೀಧನವು ಇಬ್ಬರ ಸ್ವತ್ತಾಗದು, ಅದು ಹೆಂಡತಿಯದೇ ಎಂದು ಸ್ಪಷ್ಟಪಡಿಸಿತು. ಕಲ್ಯಾಣದ ವಿಜ್ಞಾನೇಶ್ವರನ ಮಾತು ಎಂಟುನೂರು ವರ್ಷಗಳ ಅನಂತರವೂ ಬಾಳಿತು.

ವಧೂವರರು ಮೊದಲೇ ಮಾಡುವ ಪಟ್ಟಿಯ ಮೂಲ ಬೇರೆ. 1924ರಲ್ಲಿ ಅಮೆರಿಕದ ಚಿಕಾಗೋ ನಗರದ ಮಾರ್ಷಲ್ ಫೀಲ್ಡ್ಸ್ ಎಂಬ ದೊಡ್ಡ ಅಂಗಡಿಯು ಇದನ್ನು ವ್ಯಾಪಾರದ ಕ್ರಮವಾಗಿ ಆರಂಭಿಸಿತು. ವಧುವು ತನಗೆ ಬೇಕಾದ ಪಿಂಗಾಣಿ, ಬೆಳ್ಳಿ ಸಾಮಾನುಗಳನ್ನು ಹೇಳಿ ಬರೆಸುವಳು. ಬಂಧುಗಳು ಅದನ್ನು ನೋಡಿ ಕೊಳ್ಳುವರು. ಒಂದೇ ವಸ್ತು ಎರಡು ಬಾರಿ ಬರುವುದು ತಪ್ಪುವುದು. ಹುಟ್ಟಿದ್ದು ಅಂಗಡಿಯಲ್ಲಾದರೂ ಇದರಲ್ಲಿ ವಿವೇಕವಿದೆ. ಮುಯ್ಯಿಯ ಪುಸ್ತಕ ಹೇಳುವುದು ಋಣವನ್ನು, ಅಂಗಡಿಯ ಪಟ್ಟಿ ಹೇಳುವುದು ಅಗತ್ಯವನ್ನು, ಕಾನೂನಿನ ಪಟ್ಟಿ ಹೇಳುವುದು ಹಕ್ಕನ್ನು. ಮೂರರಲ್ಲಿ ಯಾವುದೂ ವರದಕ್ಷಿಣೆಯಲ್ಲ. ವರದಕ್ಷಿಣೆಯಾಗುವುದು ಒಂದು ಕಡೆಯವರು ಇನ್ನೊಂದು ಕಡೆಯವರಿಂದ ಮದುವೆಯ ನಿಮಿತ್ತವಾಗಿ ಕೇಳಿದಾಗ. ಆದುದರಿಂದ ಪಟ್ಟಿಯನ್ನು ಪರೀಕ್ಷಿಸುವಾಗ ‘ಏನಿದೆ?’ ಎನ್ನುವುದಕ್ಕಿಂತ ‘ಬರೆಸಿದವರು ಯಾರು? ಯಾರನ್ನು ಕೇಳುತ್ತಿದ್ದಾರೆ?’ ಎಂದು ನೋಡಬೇಕು. ವರನ ಕಡೆಯವರು ಬರೆದು ವಧುವಿನ ತಂದೆಯ ಕೈಗಿಟ್ಟ ಪಟ್ಟಿಯಲ್ಲಿ ಒಂದು ಸೌಟು ಮಾತ್ರ ಇದ್ದರೂ ಅದು ಅಧರ್ಮವೇ.

ಹಾಗಾದರೆ ಪಟ್ಟಿ ಹೇಗಿರಬೇಕು? ಮೊದಲನೆಯದಾಗಿ, ವಧೂವರರಿಬ್ಬರೂ ಕೂಡಿ ಕುಳಿತು ಬರೆಯಬೇಕು. ಅಡುಗೆಮನೆ ಇಬ್ಬರದೂ ಎಂಬ ಪಾಠ ಅಲ್ಲಿಂದಲೇ ಆರಂಭವಾಗಲಿ. ಎರಡನೆಯದಾಗಿ, ಬಂಗಾರ, ವಾಹನ, ನಗದು ಅದರಲ್ಲಿ ಇರಲೇಬಾರದು. ಮೂರನೆಯದಾಗಿ, ಕರೆಯೋಲೆಯಲ್ಲಿ ಅಚ್ಚಿಸಬಾರದು, ‘ಏನು ಬೇಕು?’ ಎಂದು ತಾವಾಗಿ ಕೇಳಿದವರಿಗೆ ಮಾತ್ರ ತೋರಿಸಬೇಕು. ನಾಲ್ಕನೆಯದಾಗಿ, ಸೌಟು, ಜರಡಿಯಿಂದ ಮೊದಲ್ಗೊಂಡು ಗ್ರೈಂಡರಿನವರೆಗೆ ಎಲ್ಲ ಬೆಲೆಯ ವಸ್ತುಗಳೂ ಇರಬೇಕು. ಕೂಲಿ ಮಾಡುವ ಸೋದರಮಾವನೂ ಪಟ್ಟಿಯಲ್ಲಿ ತನ್ನ ಶಕ್ತಿಗೆ ತಕ್ಕುದನ್ನು ಕಂಡು ತಲೆಯೆತ್ತಿ ಬರುವಂತಿರಬೇಕು. ದೊಡ್ಡ ವಸ್ತುವನ್ನು ನಾಲ್ಕಾರು ಜನ ಕೂಡಿ ಕೊಡಲಿ. ಬರಿಗೈಯಲ್ಲಿ ಬಂದವರಿಗೂ ಅದೇ ಪಂಕ್ತಿ, ಅದೇ ಆದರ.

ವಸ್ತುಗಳ ಆಯ್ಕೆಯಲ್ಲಿ ನೆಲವನ್ನೂ ನೋಡಬೇಕು. ಗದಗ, ಬಾಗಲಕೋಟೆಯ ಕಡೆಯಿಂದ ಬಂದು ಅಲೆವೂರಿನಲ್ಲಿ ಸಂಸಾರ ಹೂಡುವವರು ಇದನ್ನು ವಿಶೇಷವಾಗಿ ಗಮನಿಸಲಿ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ರೊಟ್ಟಿಯ ಕಬ್ಬಿಣದ ಹಂಚು ಅಲ್ಲಿ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಹಿಟ್ಟು, ಬೇಳೆಗಳಿಗೆ ಬಿಗಿಯಾದ ಮುಚ್ಚಳದ ಡಬ್ಬಿಗಳೇ ಬೇಕು. ಕುಚ್ಚಲಕ್ಕಿ ಬೇಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ದಪ್ಪ ತಳದ ಪಾತ್ರೆ ಅವಶ್ಯ. ತೆಂಗಿನಕಾಯಿಯಿಲ್ಲದ ಅಡುಗೆ ಅಲ್ಲಿಲ್ಲ. ಹೆರೆಮಣೆಯೂ ಅರೆಯುವ ಯಂತ್ರವೂ ಗಾಜಿನ ಬೊಂಬೆಗಿಂತ ನೂರು ಪಾಲು ಉಪಯುಕ್ತ. ವಿದ್ಯುತ್ತಿನ ಇಂಡಕ್ಷನ್ ಒಲೆಯಿರುವ ಮನೆಗೆ ತಾಮ್ರ, ಹಿತ್ತಾಳೆಯ ಪಾತ್ರೆಗಳು ಒದಗವು. ಅಯಸ್ಕಾಂತ ಹಿಡಿಯುವ, ಚಪ್ಪಟೆ ತಳದ ಪಾತ್ರೆಯನ್ನು ಕೇಳಿ ಕೊಳ್ಳಬೇಕು. ಇವುಗಳ ಜೊತೆಗೆ ಒಂದು ವಿಭೂತಿಯ ಕರಡಿಗೆ, ಒಂದೆರಡು ವಚನ ಸಂಪುಟಗಳಿದ್ದರೆ ಮನೆ ಪೂರ್ಣವಾಗುತ್ತದೆ.

ಮದುವೆ ಎಂದರೆ ಇಷ್ಟೆಲ್ಲ ಸಾಮಗ್ರಿ ಇರಲೇಬೇಕೆಂದೂ ನಾವು ಹೇಳುತ್ತಿಲ್ಲ. ಧರ್ಮಸ್ಥಳದಲ್ಲಿ 1972ರಲ್ಲಿ ಆರಂಭವಾದ ಸಾಮೂಹಿಕ ವಿವಾಹಗಳಲ್ಲಿ ಸೀರೆ, ಧೋತರ, ಮಾಂಗಲ್ಯಗಳಿಂದಲೇ ಸಂಸಾರಗಳು ಆರಂಭವಾಗಿವೆ. ಸುತ್ತೂರಿನ ಜಾತ್ರೆಯಲ್ಲಿಯೂ ಹಾಗೆಯೇ. ಮಗಳ ಮದುವೆಗೆಂದು ಹೊಲ ಮಾರುವ ತಂದೆಗೆ ಅದೇ ನೇರವಾದ ದಾರಿ.

ಈ ವರ್ಷ ಮದುವೆ ನಿಶ್ಚಯವಾಗಿರುವ ಮನೆಯವರು ಮುಹೂರ್ತ ಕೇಳಲು ಮಠಕ್ಕೆ ಬರುವಾಗ ಎರಡು ಬಿಳಿಯ ಪುಸ್ತಕಗಳನ್ನು ತಂದು ಗದ್ದುಗೆಯ ಮುಂದಿಡಲಿ. ಮದುವೆಯ ಸಂಜೆ ಬಂದ ಉಡುಗೊರೆಗಳನ್ನೆಲ್ಲ ಅವುಗಳಲ್ಲಿ ಬರೆದು, ವಧೂವರರು ಎರಡಕ್ಕೂ ಸಹಿ ಮಾಡಿ, ವಧುವಿನ ಪುಸ್ತಕವನ್ನು ವಧುವಿನ ಕೈಗೇ ಕೊಡಬೇಕು. ಅದನ್ನು ಅತ್ತೆಯ ಪೆಟ್ಟಿಗೆಯಲ್ಲಿಡಬಾರದು. ಇದರಿಂದ ಅಪನಂಬಿಕೆ ಹುಟ್ಟುವುದೆಂದು ಹಿರಿಯರು ಅಂಜಬೇಕಾಗಿಲ್ಲ; ಅವಳದು ಅವಳದೆಂದು ಮೊದಲ ದಿನವೇ ಒಪ್ಪಿಕೊಂಡ ಮನೆಯಲ್ಲಿ ನಂಬಿಕೆ ಬೆಳೆಯುತ್ತದೆ. ಶಿವನು ಎಲ್ಲ ನವದಂಪತಿಗಳಿಗೂ ಮಂಗಳವನ್ನುಂಟುಮಾಡಲಿ.