ಬಳಸಿ ಬಿಸುಡುವ ರೂಢಿಯ ಚರಿತ್ರೆ: ಒಂದು ವಿವೇಚನೆ

ಬಳಸಿದ ವಸ್ತುವನ್ನು ಒಡನೆಯೇ ಬಿಸುಡುವುದು ಸಮೃದ್ಧಿಯೊಡನೆ ತಾನಾಗಿಯೇ ಬರುವ ಗುಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಇಪ್ಪತ್ತನೆಯ ಶತಮಾನದ ಚರಿತ್ರೆಯು ಈ ಅಭಿಪ್ರಾಯವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಈ ರೂಢಿಯು ಬಹುಮಟ್ಟಿಗೆ ಕಲಿಸಿದ್ದೆಂಬುದನ್ನು ಮೂರು ನಿದರ್ಶನಗಳಿಂದ ತೋರಿಸುವುದು ನಮ್ಮ ಉದ್ದೇಶ.

1924ರ ಡಿಸೆಂಬರಿನಲ್ಲಿ ಪ್ರಪಂಚದ ಪ್ರಮುಖ ವಿದ್ಯುದ್ದೀಪ ತಯಾರಕರು ಜಿನೀವಾದಲ್ಲಿ ಸೇರಿ 'ಫೀಬಸ್' ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. 1,500ರಿಂದ 2,000 ಗಂಟೆ ಉರಿಯುತ್ತಿದ್ದ ಬಲ್ಬುಗಳ ಆಯುಸ್ಸನ್ನು 1,000 ಗಂಟೆಗೆ ಇಳಿಸಿ, ಈ ಮಿತಿಯನ್ನು ಮೀರಿದ ಸದಸ್ಯನಿಗೆ ದಂಡ ವಿಧಿಸಿದರು. ಆಯುಸ್ಸು ಕಡಮೆಯಾದರೆ ಅದೇ ವಿದ್ಯುತ್ತಿನಿಂದ ಹೆಚ್ಚು ಬೆಳಕು ದೊರೆಯುವುದೆಂಬ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೂ ಬಾಳಿಕೆಯೇ ಅಪರಾಧವೆನಿಸಿದುದು ಗಮನಾರ್ಹ. ಎರಡನೆಯ ಮಹಾಯುದ್ಧದೊಡನೆ ಒಕ್ಕೂಟ ಮುರಿಯಿತು, ತತ್ತ್ವ ಉಳಿಯಿತು.

1932ರಲ್ಲಿ, ಅಮೆರಿಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಬರ್ನಾರ್ಡ್ ಲಂಡನ್ ಎಂಬಾತನು ಪ್ರತಿಯೊಂದು ವಸ್ತುವಿಗೂ ಸರ್ಕಾರವು ಆಯುಷ್ಯವನ್ನು ಗೊತ್ತುಮಾಡಬೇಕೆಂದೂ, ಅವಧಿ ಮುಗಿದ ಮೇಲೂ ಬಳಸುವವರಿಗೆ ತೆರಿಗೆ ಹಾಕಬೇಕೆಂದೂ ಒಂದು ಕಿರುಹೊತ್ತಗೆಯಲ್ಲಿ ಸೂಚಿಸಿದನು. ಕಾರ್ಖಾನೆಗಳಿಗೆ ಕೆಲಸ ದೊರಕಿಸುವುದು ಅವನ ಆಶಯ. ಆ ಸಲಹೆ ಶಾಸನವಾಗಲಿಲ್ಲ. ಆದರೆ 1955ರ ಆಗಸ್ಟಿನಲ್ಲಿ 'ಲೈಫ್' ಪತ್ರಿಕೆಯು ತಟ್ಟೆ ಲೋಟಗಳನ್ನು ಗಾಳಿಗೆ ತೂರುವ ಕುಟುಂಬವೊಂದರ ಚಿತ್ರವನ್ನಚ್ಚಿಸಿ, ಅವನ್ನು ತೊಳೆಯಲು ಬೇಕಾಗುತ್ತಿದ್ದ 40 ಗಂಟೆಗಳ ದುಡಿಮೆ ಗೃಹಿಣಿಗೆ ಉಳಿಯಿತೆಂದು ಸಂಭ್ರಮಿಸಿತು. ತೆರಿಗೆಯ ಭಯದಿಂದ ಆಗದುದು ಅನುಕೂಲದ ಆಸೆಯಿಂದ ಆಯಿತು.

ಇದರ ಪರಿಣಾಮವನ್ನು 2017ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದರು. 1950ರಿಂದ 2015ರವರೆಗೆ ತಯಾರಾದ ಪ್ಲಾಸ್ಟಿಕ್ಕು ಸುಮಾರು 830 ಕೋಟಿ ಟನ್ನು. ಅದರಲ್ಲಿ 630 ಕೋಟಿ ಟನ್ನು ಕಸವಾಗಿದ್ದಿತು. ಈ ಕಸದಲ್ಲಿ ಮರುಬಳಕೆಗೆ ಬಂದುದು ಶೇಕಡಾ 9, ಸುಟ್ಟದ್ದು ಶೇಕಡಾ 12. ಉಳಿದ 79 ಭಾಗ ನೆಲ ಜಲಗಳಲ್ಲಿ ಸೇರಿಕೊಂಡಿತು.

ಬಿಸುಡುವುದೇ ದೋಷವೆಂದು ನಾವು ಹೇಳುವುದಿಲ್ಲ. ನಮ್ಮ ನಾಡಿನಲ್ಲಿ ಉಂಡ ಬಾಳೆಯೆಲೆ, ಮುತ್ತುಗದೆಲೆಗಳನ್ನು ಹಿಂದಿನಿಂದಲೂ ಬಿಸುಡುತ್ತಲೇ ಬಂದಿದ್ದೇವೆ. ಅವು ತಿಪ್ಪೆ ಸೇರಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿದ್ದವು. ಹಳೆಯ ಸೀರೆ ಕೌದಿಯಾಗುತ್ತಿತ್ತು, ಹಿತ್ತಾಳೆಯ ಪಾತ್ರೆಗೆ ಕಲಾಯಿಯಾಗುತ್ತಿತ್ತು. ಈ ಮಿತವ್ಯಯದಲ್ಲಿ ಬಡತನದ ಪಾಲೂ ಇದ್ದುದನ್ನು ಮರೆಯಲಾಗದು. ಆದರೆ ಬಿಸುಟದ್ದು ಎಲ್ಲಿಗೆ ಹೋಗುವುದೆಂಬುದು ಬಿಸುಟವನ ಕಣ್ಣೆದುರಿಗೇ ಇದ್ದಿತು.

ಇಂದು ಹಾಗಿಲ್ಲ. ಬೆಂಗಳೂರಿನ ಕಸವು ಮಾವಳ್ಳಿಪುರ, ಮಂಡೂರುಗಳ ನೆಲಕ್ಕೆ ಬಿದ್ದಿತು. ಗ್ರಾಮಸ್ಥರು ಪ್ರತಿಭಟಿಸಿ, 2012ರಲ್ಲಿ ಮೊದಲನೆಯದೂ 2014ರಲ್ಲಿ ಎರಡನೆಯದೂ ನಿಂತಾಗ ಮಾತ್ರ ನಗರವು ತನ್ನ ಕಸದ ವಿಚಾರವನ್ನು ಗಂಭೀರವಾಗಿ ಎತ್ತಿಕೊಂಡಿತು. ಕೊಂಡವನು ಅಂಗಡಿಯಲ್ಲಿ ತೆತ್ತ ಬೆಲೆಯಲ್ಲಿ ಸೇರದ ವೆಚ್ಚವನ್ನು ಕೊಳ್ಳದವನು ತೆರಬೇಕಾಯಿತು. ಕರ್ನಾಟಕದ 2016ರ ಪ್ಲಾಸ್ಟಿಕ್ ನಿಷೇಧವೂ ಭಾರತ ಸರ್ಕಾರದ 2022ರ ನಿಷೇಧವೂ ಕೆಲವು ವಸ್ತುಗಳನ್ನು ತಡೆಯುವ ಆಜ್ಞೆಗಳು. ರೂಢಿಯನ್ನು ತಿದ್ದಲು ಅವಷ್ಟೇ ಸಾಲವು. ಆದರೂ ನಿರಾಶರಾಗಲು ಕಾರಣವಿಲ್ಲ. ಒಂದು ತಲೆಮಾರು ಕಲಿತದ್ದನ್ನು ಇನ್ನೊಂದು ತಲೆಮಾರು ಬಿಡಬಲ್ಲುದು.