ಬಿರುಕು ಬಿಟ್ಟ ಬಟ್ಟಲಿಗೆ ಒಂದು ಹೆಸರು

ಹೋದ ವರ್ಷ ಪಿಂಗಾಣಿ ಕುರಿತ ಒಂದು ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದಾಗ ಒಂದು ಸಣ್ಣ ಪದ ನನ್ನನ್ನು ಎರಡು ದಿನ ಕಟ್ಟಿಹಾಕಿತು. ಚೀನಾದ ಹಳೆಯ ಬಟ್ಟಲೊಂದರ ಚಿತ್ರ. ಅದರ ಮೈತುಂಬ ಬಲೆ ಹೆಣೆದಂತೆ ಗೆರೆಗಳು. ‘ಬಿರುಕು’ ಎಂದು ಬರೆದೆ. ಕರಡು ಓದಿದ ಗೆಳತಿ, “ಬಿರುಕು ಬಿಟ್ಟದ್ದನ್ನು ಮ್ಯೂಸಿಯಮ್ಮಿನಲ್ಲಿ ಯಾಕಿಟ್ಟಿದ್ದಾರೆ?” ಎಂದು ಕೇಳಿದಳು. ಉತ್ತರಕ್ಕೆ ಸುಮಾರು 900 ವರ್ಷ ಹಿಂದೆ ಹೋಗಬೇಕು.

1127ರಲ್ಲಿ ಉತ್ತರದ ಜುರ್ಚೆನ್ನರು ಸಾಂಗ್ ಸಾಮ್ರಾಜ್ಯದ ರಾಜಧಾನಿಯನ್ನು (ಇಂದಿನ ಕೈಫೆಂಗ್) ಗೆದ್ದು, ಚಕ್ರವರ್ತಿಯನ್ನೂ ಅವನ ತಂದೆಯನ್ನೂ ಸೆರೆಹಿಡಿದರು. ಪಾರಾದ ರಾಜಕುಮಾರ ಗಾವೋಝಾಂಗ್ ದಕ್ಷಿಣಕ್ಕೆ ಹೋಗಿ, 1138ರಲ್ಲಿ ಹಾಂಗ್‌ಝೌ ನಗರವನ್ನು ರಾಜಧಾನಿ ಮಾಡಿಕೊಂಡ. ಪಿತೃಪೂಜೆಗೂ ಆಕಾಶದ ಪೂಜೆಗೂ ಬೇಕಾದ ಕಂಚಿನ ಪಾತ್ರೆಗಳು ಕೈತಪ್ಪಿದ್ದವು. ಅವುಗಳ ಆಕಾರವನ್ನು ಮಣ್ಣಿನಲ್ಲಿ ಮಾಡಿಕೊಡುವ ಕೆಲಸ ಅರಮನೆಯ ಭಟ್ಟಿಗಳ ಪಾಲಿಗೆ ಬಂತು. ಅಲ್ಲಿಯ ಪಾತ್ರೆಗಳಿಗೆ ‘ಗ್ವಾನ್’ ಎಂದು ಹೆಸರು; ಅಂದರೆ ಸರ್ಕಾರಿ.

ಗ್ವಾನ್ ಪಾತ್ರೆಯ ಮಣ್ಣು ಕಬ್ಬಿಣದಂಶ ಹೆಚ್ಚಿರುವ, ಕಪ್ಪು ಛಾಯೆಯ ಮಣ್ಣು. ಅದರ ಮೇಲೆ ಗ್ಲೇಜನ್ನು, ಅಂದರೆ ಸುಟ್ಟಾಗ ಗಾಜಾಗುವ ಲೇಪವನ್ನು, ಪದರದ ಮೇಲೆ ಪದರವಾಗಿ ಬಳಿಯುತ್ತಿದ್ದರು. ಕೆಲವು ಪಾತ್ರೆಗಳಲ್ಲಿ ಗ್ಲೇಜು ಮಣ್ಣಿಗಿಂತಲೂ ದಪ್ಪ. ಭಟ್ಟಿಯ ಶಾಖದಲ್ಲಿ ಅದು ಕರಗಿ ಮಣ್ಣಿಗೆ ಅಂಟುತ್ತದೆ. ಆರುವಾಗ ಎರಡೂ ಕುಗ್ಗುತ್ತವೆ. ಗ್ಲೇಜು ಮಣ್ಣಿಗಿಂತ ಹೆಚ್ಚು ಕುಗ್ಗುವಂಥದ್ದಾದರೆ, ಮಣ್ಣು ಅದನ್ನು ಬಿಡದೆ ಹಿಡಿದಿರುತ್ತದೆ. ಗಾಜು ಒತ್ತಿದರೆ ತಾಳುತ್ತದೆ, ಎಳೆದರೆ ತಾಳದು, ಟಿಣ್ಣೆಂದು ಸೀಳುತ್ತದೆ. ಭಟ್ಟಿಯಿಂದ ಹೊರಬಂದ ಮೇಲೂ ಈ ಸದ್ದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೇಳುತ್ತಿರುತ್ತದೆ.

ಮೊದಲ ಸಲ ಇದು ಆಕಸ್ಮಿಕವೇ ಇದ್ದೀತು. ಆದರೆ ಪಾತ್ರೆಯ ಮೇಲೆ ಪಾತ್ರೆ ಹಾಗೇ ಬಂದರೆ ಅದರ ಹಿಂದೆ ಯಾರದೋ ತೀರ್ಮಾನವಿದೆ. ‘ಗ’ ಎಂಬ ಬಗೆಯ ಪಾತ್ರೆಗಳಲ್ಲಿ ಇದು ಸ್ಪಷ್ಟ: ಅಗಲವಾದ ಕಪ್ಪು ಗೆರೆಗಳು, ಅವುಗಳ ನಡುವೆ ಸಣ್ಣ ಹೊಂಬಣ್ಣದ ಗೆರೆಗಳು. ಚೀನೀಯರು ಇದನ್ನು ‘ಚಿನ್ನದ ದಾರ, ಕಬ್ಬಿಣದ ತಂತಿ’ ಎಂದು ಕರೆದರು. ‘ಗ’ ಎಂದರೆ ಅಣ್ಣ. ಕುಂಬಾರ ಅಣ್ಣತಮ್ಮಂದಿರ ಕಥೆಯೊಂದಿದೆ: ಹೊಟ್ಟೆಕಿಚ್ಚಿನ ತಮ್ಮ ಅಣ್ಣನ ಬಿಸಿ ಭಟ್ಟಿಗೆ ನೀರು ಸುರಿದ, ಪಾತ್ರೆಗಳೆಲ್ಲ ಸೀಳಿದವು, ಅವೇ ಹೆಸರುವಾಸಿಯಾದವು. ಕಥೆ ನಿಜವಿರಲಾರದು. ಆದರೆ ಕೇಡೇ ಚೆಲುವಾದದ್ದು ಜನರಿಗೂ ಒಗಟಾಗಿತ್ತು ಎಂಬುದಕ್ಕೆ ಅದು ಸಾಕ್ಷಿ.

ಇಂಥ ಪಾತ್ರೆಗಳನ್ನು ಅರಸಿದವರಲ್ಲಿ ನಮ್ಮ ಮುಂಬಯಿಯವರೊಬ್ಬರು ಪ್ರಮುಖರು. 1892ರಲ್ಲಿ ಅಲ್ಲಿ ಹುಟ್ಟಿದ ಸರ್ ಪರ್ಸಿವಲ್ ಡೇವಿಡ್ ಕೂಡಿಸಿದ ಸುಮಾರು 1,700 ಚೀನೀ ಪಾತ್ರೆಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಗ್ವಾನ್ ಮತ್ತು ‘ಗ’ ಎರಡೂ ಅದರಲ್ಲಿವೆ.

ಯುರೋಪಿನ ಕಾರ್ಖಾನೆಗಳಿಗೆ ಮಾತ್ರ ಇದು ರೋಗ. 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಹೆರ್ಮನ್ ಸೀಗರ್ ಇದಕ್ಕೆ ಮದ್ದು ಹುಡುಕಿದರು: ಗ್ಲೇಜಿನಲ್ಲಿ ಸಿಲಿಕಾ ಹೆಚ್ಚಿಸಿ, ಸೋಡಾ-ಪೊಟ್ಯಾಷ್ ಇಳಿಸಿ. ಗೆರೆ ಬೇಕೆನ್ನುವ ಇಂದಿನ ಕುಂಬಾರರು ಅದೇ ಸೂತ್ರವನ್ನು ತಿರುಗಿಸಿ ಬಳಸುತ್ತಾರೆ. ಗೆರೆಗಳು ಎದ್ದು ಕಾಣಲೆಂದು ಶಾಯಿಯನ್ನೋ ಚಹಾವನ್ನೋ ಉಜ್ಜುತ್ತಾರೆ. ಇಂಗ್ಲಿಷಿನವರು ಬೇಡದ್ದಕ್ಕೆ ‘ಕ್ರೇಜಿಂಗ್’ ಎಂದರು, ಬೇಕಾದದ್ದಕ್ಕೆ ‘ಕ್ರ್ಯಾಕಲ್’. ವಸ್ತು ಒಂದೇ, ಹೆಸರು ಎರಡು.

ಚೀನೀ ಪದ ‘ಕೈಪ್ಯಾನ್’. ‘ಕೈ’ ಎಂದರೆ ತೆರೆ. ಹೂ ಅರಳುವುದಕ್ಕೂ ಅವರು ಅದೇ ಪದ ಬಳಸುತ್ತಾರೆ. ಅದನ್ನು ಓದಿದಾಗ ನನಗೆ ನಮ್ಮ ‘ಬಿರಿ’ ನೆನಪಾಯಿತು. ನೆಲವೂ ಬಿರಿಯುತ್ತದೆ, ಮಲ್ಲಿಗೆಯೂ ಬಿರಿಯುತ್ತದೆ. ಚೆನ್ನೈಯಲ್ಲಿರುವವರು ‘ವಿರಿ’ಯನ್ನೂ ‘ವಿರಿಸಲ್’ ಅನ್ನೂ ಕೇಳಿರುತ್ತೀರಿ: ಮೊದಲನೆಯದು ಅರಳುವುದು, ಎರಡನೆಯದು ಬಿರುಕು. ನಾನು ಹುಡುಕುತ್ತಿದ್ದದ್ದು ನಮ್ಮ ಮಾತಿನಲ್ಲೇ ಇತ್ತು.

‘ಬಿರಿಗೆರೆ’ ಎಂದು ತಿದ್ದಿ ಕಳಿಸಿದೆ. ಪ್ರಕಾಶಕರು ಒಪ್ಪಲಿಲ್ಲ, ಅಚ್ಚಾದ ಪುಸ್ತಕದಲ್ಲಿ ‘ಬಿರುಕು’ ಎಂದೇ ಇದೆ. ಗೆಳತಿಗೆ ಕೊಟ್ಟ ಪ್ರತಿಯಲ್ಲಿ ಮಾತ್ರ ಪೆನ್ನಿನಿಂದ ತಿದ್ದಿ ಕೊಟ್ಟೆ.