ಮೂಳೆಗಳ ಸಾಕ್ಷ್ಯ

ಗಾಯಗೊಂಡ ಕೂಸನ್ನೆತ್ತಿಕೊಂಡು ಚಿಕಿತ್ಸಾಲಯದ ಬಾಗಿಲಿಗೆ ಓಡಿಬರುವ ತಾಯಿತಂದೆಗಳನ್ನು ಕಂಡಾಗ ವೈದ್ಯನ ಮನದಲ್ಲಿ ಮೊದಲು ಹುಟ್ಟುವುದು ಕರುಣೆಯೇ ಹೊರತು ಸಂಶಯವಲ್ಲ. ಇದು ಮನುಷ್ಯಸಹಜವಾದುದು. ಆದರೆ ಈ ಕರುಣೆಯೇ ಬಹುಕಾಲ ವೈದ್ಯರ ಕಣ್ಣಿಗೆ ತೆರೆಯಾಗಿದ್ದಿತು. ಮಾತು ಬಾರದ ಶಿಶುವು ತನ್ನ ಗಾಯದ ಕಥೆಯನ್ನು ತಾನು ಹೇಳಲಾರದು. ಅದರ ಪರವಾಗಿ ಹೇಳುವವರು ಒಮ್ಮೊಮ್ಮೆ ಗಾಯಮಾಡಿದವರೇ ಆಗಿರುತ್ತಾರೆ.

ಈ ತೆರೆಯನ್ನು ಮೊದಲು ಸರಿಸಲೆಳಸಿದವನು ಪ್ಯಾರಿಸ್ ನಗರದ ನ್ಯಾಯವೈದ್ಯ ಪಂಡಿತನಾದ ಆಂಬ್ರಾಸ್ ಟಾರ್ಡ್ಯೂ. ಕ್ರಿ. ಶ. 1860ರಲ್ಲಿ ಆತನು ಹಿಂಸೆಗೀಡಾದ 32 ಮಕ್ಕಳ ವೃತ್ತಾಂತಗಳನ್ನು ಪ್ರಕಟಿಸಿದನು. ಅವರಲ್ಲಿ 18 ಮಂದಿ ಮರಣಹೊಂದಿದ್ದರು. ಹಿಂಸಿಸಿದವರಲ್ಲಿ ಬಹುಮಂದಿ ಹೆತ್ತವರೇ. ಬರೆಗಳು, ಸುಟ್ಟಗಾಯಗಳು, ಮುರಿದೆಲುಬುಗಳು, ಮಿದುಳಿನ ಮೇಲಿನ ರಕ್ತಸ್ರಾವ—ಎಲ್ಲವನ್ನೂ ಆತನು ಬರೆದಿಟ್ಟನು. ಆದರೂ ವೈದ್ಯಲೋಕವು ಕಿವಿಗೊಡಲಿಲ್ಲ. ಓದುವವರಿಲ್ಲದೆ ಹೋದುದಲ್ಲ, ನಂಬುವವರಿಲ್ಲದೆ ಹೋದುದೆಂದೇ ತೋರುತ್ತದೆ.

1895ರಲ್ಲಿ ರಾಂಟ್ಜೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಶಿಶುವಿನ ಪರವಾಗಿ ಮೂಳೆಗಳೇ ಸಾಕ್ಷಿ ನುಡಿಯುವ ಕಾಲ ಬಂದಿತು. ನ್ಯೂಯಾರ್ಕಿನ ಶಿಶುವೈದ್ಯಾಲಯದಲ್ಲಿದ್ದ ಜಾನ್ ಕ್ಯಾಫಿಯು 1946ರಲ್ಲಿ, ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದ ಆರು ಶಿಶುಗಳ ನೀಳಮೂಳೆಗಳಲ್ಲಿ 23 ಮುರಿತಗಳನ್ನು ತೋರಿಸಿದನು. ಮೂಳೆಯ ರೋಗವೇನೂ ಇರಲಿಲ್ಲ. ಆ ಮುರಿತಗಳಿಗೆ ತಕ್ಕ ಕಾರಣವಾಗಬಲ್ಲ ಪೆಟ್ಟಿನ ಸುದ್ದಿಯನ್ನೂ ಯಾರೂ ಹೇಳಿರಲಿಲ್ಲ. ಒಂದು ಶಿಶುವು ತಾಯಿತಂದೆಗಳಿಬ್ಬರಿಗೂ ಬೇಡವಾಗಿದ್ದಿತೆಂದು ಕ್ಯಾಫಿ ಗುರುತಿಸಿದನು. ಬುದ್ಧಿಪೂರ್ವಕವಾದ ಹಿಂಸೆಯ ಶಂಕೆಯನ್ನೂ ಎತ್ತಿದನು. ಆದರೆ ಪ್ರಮಾಣ ಸಾಲದೆಂದು ಅಲ್ಲಿಯೇ ನಿಂತನು. ಪಂಡಿತನ ಎಚ್ಚರಿಕೆ ಶ್ಲಾಘ್ಯವೇ ಸರಿ. ಆ ಎಚ್ಚರಿಕೆಯ ಬೆಲೆಯನ್ನು ಯಾರು ತೆತ್ತರೆಂಬುದನ್ನು ವಾಚಕರೇ ಊಹಿಸಬಹುದು. 1953ರಲ್ಲಿ ಸಿಲ್ವರ್‌ಮನ್ ಎಂಬವನು ಇಂಥವೇ ಮೂರು ಸಂಗತಿಗಳನ್ನು ವಿವರಿಸಿ, ಮನೆಯವರು ಮೊದಲು ಹೇಳದ ಪೆಟ್ಟಿನ ಸಂಗತಿಯು ಸಾವಧಾನವಾಗಿ ಕೇಳಿದರೆ ಹೊರಬೀಳುವುದುಂಟೆಂದು ತೋರಿಸಿದನು.

ಕೊನೆಗೆ ಇದಕ್ಕೊಂದು ಹೆಸರಿಟ್ಟವನು ಕೊಲೊರಾಡೊ ಸಂಸ್ಥಾನದ ಡೆನ್ವರಿನ ಹೆನ್ರಿ ಕೆಂಪ್. 1962ರಲ್ಲಿ ಆತನೂ ಆತನ ಸಹೋದ್ಯೋಗಿಗಳೂ 71 ಆಸ್ಪತ್ರೆಗಳನ್ನು ವಿಚಾರಿಸಿ, ಒಂದು ವರ್ಷದಲ್ಲಿ 302 ಮಕ್ಕಳು ಹೀಗೆ ಬಡಿತಕ್ಕೀಡಾದುದನ್ನೂ, 33 ಮಂದಿ ಸತ್ತುದನ್ನೂ, 85 ಮಂದಿಯ ಮಿದುಳಿಗೆ ಶಾಶ್ವತವಾದ ಹಾನಿಯುಂಟಾದುದನ್ನೂ ಪ್ರಕಟಿಸಿದರು. ‘ಬಡಿತಕ್ಕೀಡಾದ ಶಿಶು’ ಎಂಬ ಹೆಸರು ಅಂಕಿಗಳಿಗಿಂತಲೂ ಹೆಚ್ಚಿನ ಕೆಲಸ ಮಾಡಿತು. ಐದಾರು ವರ್ಷಗಳೊಳಗಾಗಿ ಅಮೆರಿಕದ ಸಂಸ್ಥಾನಗಳು ವೈದ್ಯರು ಇಂಥ ಶಂಕೆಯನ್ನು ಅಧಿಕಾರಿಗಳಿಗೆ ತಿಳಿಸಲೇಬೇಕೆಂದು ಶಾಸನಗಳನ್ನು ಮಾಡಿದವು.

ತುರ್ತುಚಿಕಿತ್ಸೆಯ ವೈದ್ಯನು ಇಂದು ನೋಡುವುದು ಗಾಯವನ್ನಷ್ಟೇ ಅಲ್ಲ, ಗಾಯಕ್ಕೂ ಕಥೆಗೂ ಇರುವ ಹೊಂದಿಕೆಯನ್ನು. ಇನ್ನೂ ಮಗ್ಗುಲಾಗದ ಕೂಸು ತಾನೇ ಹೊರಳಿ ಮಂಚದಿಂದ ಬಿದ್ದಿತೆಂದರೆ ಹೇಗೆ ನಂಬುವುದು? ಹೇಳಿಕೆ ಗಳಿಗೆಗೊಂದು ತೆರನಾದರೆ, ಪೆಟ್ಟಾದ ಎರಡು ದಿನಗಳ ಮೇಲೆ ಕರೆತಂದರೆ, ಹಳೆಯ ಹೊಸ ಮುರಿತಗಳು ಒಟ್ಟಿಗೆ ಕಂಡರೆ ಅವನು ತಡೆದು ಯೋಚಿಸಬೇಕು. ಓಡಾಡುವ ಮಕ್ಕಳಿಗೆ ಮೊಣಕಾಲು, ಹಣೆಗಳಲ್ಲಿ ಕಂದುವುದು ಸಹಜ. ನಾಲ್ಕು ವರ್ಷದೊಳಗಿನವರ ಮುಂಡ, ಕಿವಿ, ಕತ್ತುಗಳಲ್ಲಿ ಕಂದಿದ್ದರೆ, ನಾಲ್ಕು ತಿಂಗಳೊಳಗಿನ ಕೂಸಿನಲ್ಲಿ ಎಲ್ಲಿ ಕಂದಿದ್ದರೂ, ಅದು ಶಂಕಾರ್ಹವೆಂದು 2010ರ ಸಂಶೋಧನೆಯೊಂದು ತೋರಿಸಿತು. ಆಗ ಮೊದಲು ಪ್ರಾಣರಕ್ಷಣೆ. ಬಳಿಕ ಮೈಯೆಲ್ಲದರ ಎಲುಬುಗಳ ಚಿತ್ರ, ಕಣ್ಣಿನ ಪರೀಕ್ಷೆ, ಹೇಳಿದ ಮಾತುಗಳನ್ನು ಹೇಳಿದಂತೆಯೇ ಬರೆದಿಡುವುದು, ಮನೆಯ ಇತರ ಮಕ್ಕಳನ್ನೂ ನೋಡುವುದು. ಬಯ್ಯುವುದು, ಗದರುವುದು ವೈದ್ಯನ ಕೆಲಸವಲ್ಲ.

ಎದುರುಬದಿಯ ತಪ್ಪೂ ಸಣ್ಣದಲ್ಲ. ಹುಟ್ಟಿನಿಂದಲೇ ಎಲುಬು ಪೆಡಸಾಗಿರುವ ಮಕ್ಕಳುಂಟು. ನಮ್ಮ ದೇಶದ ಅನೇಕ ಶಿಶುಗಳ ಬೆನ್ನಿನ ಕೆಳಭಾಗದಲ್ಲಿ ಹುಟ್ಟಿನಿಂದ ಇರುವ ನೀಲಿಮಚ್ಚೆಯನ್ನು ಅರಿಯದವರು ಬಾಸುಂಡೆಯೆಂದು ತಿಳಿದಾರು. 1987ರಲ್ಲಿ ಇಂಗ್ಲೆಂಡಿನ ಕ್ಲೀವ್‌ಲೆಂಡ್ ಪ್ರಾಂತದಲ್ಲಿ 121 ಮಕ್ಕಳು ಲೈಂಗಿಕ ಹಿಂಸೆಗೆ ಒಳಗಾದವರೆಂದು ವೈದ್ಯರು ನಿರ್ಣಯಿಸಿದರು. ಒಂದೇ ದೇಹಲಕ್ಷಣವನ್ನು ಅತಿಯಾಗಿ ನೆಚ್ಚಿದುದು ವಾದಕ್ಕೆಡೆಯಾಯಿತು. ಬಹುಮಂದಿ ಮಕ್ಕಳು ಮನೆಗೆ ಮರಳಿದರು. 1988ರಲ್ಲಿ ವಿಚಾರಣೆಯ ವರದಿ ಹೊರಬಂದಿತು.

ಭಾರತದಲ್ಲಿ 2012ರ ಶಾಸನವು ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕೆಂದು ವಿಧಿಸಿತು. ಮಗುವನ್ನು ತನ್ನ ವಶದಲ್ಲಿಟ್ಟುಕೊಂಡವರ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಶಾಸನವು ದಂಡನೆಯನ್ನಿಟ್ಟಿತು. ಕೆಂಪನು ತನ್ನ ಲೇಖನದಲ್ಲಿ ವೈದ್ಯರಿಗೆ ಕೊಟ್ಟ ಸಲಹೆಯಾದರೋ ಇದಕ್ಕಿಂತ ಸರಳವಾದುದು: ಮತ್ತೆ ಪೆಟ್ಟು ಬೀಳುವ ಅಪಾಯವು ಅಷ್ಟಿಷ್ಟಾದರೂ ಉಳಿದಿರುವ ಮನೆಗೆ ಮಗುವನ್ನು ಮರಳಿ ಕಳುಹಿಸಕೂಡದು.